ಸಾಕವ್ವನ ಹುಂಜ, ನಮ್ಮವ್ವನ ಹುಂಜ

ನಮ್ಮ ಹಟ್ಟಿಯಲ್ಲಿ ಪುಸ್ತಕ ಇರಲಿಲ್ಲ. ಇದ್ದದ್ದು ರೇಷನ್ ಕಾರ್ಡು ಒಂದು, ಸಾಲದ ಚೀಟಿ ಹತ್ತಾರು. ಅವ್ವ ಗುಂಡ್ಲುಪೇಟೆ ಸುತ್ತಿನ ಚೆಂಡುಹೂವಿನ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಳು. ನಾವು ಚಾಮರಾಜನಗರದ ಹಾಸ್ಟೆಲು ಸೇರಿದ ಮೇಲೇ ಕಾದಂಬರಿ ಅನ್ನುವುದನ್ನು ಕಂಡದ್ದು. ಹಸಿದವರು ಉಂಡ ಹಾಗೆ ಓದಿದೆವು. ಇದು ಮೇಲು, ಇದು ಕೀಳು ಅಂತ ಆರಿಸುವ ಪುರಸೊತ್ತು ನಮಗಿರಲಿಲ್ಲ.

ಮೊದಲು ಕೈಗೆ ಬಂದದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಬರೆದವರು ಹೆಚ್ಚು ಸ್ಕೂಲು ಕಂಡವರಲ್ಲ ಅಂತ ಗೊತ್ತಾದಾಗ ನಮಗೆ ಒಂದು ಥರಾ ಧೈರ್ಯ ಬಂತು. ರಾತ್ರಿಯೆಲ್ಲ ಕೂತು ಓದಿದೆವು. ಬೆಳಗ್ಗೆ ಒಂದು ಯೋಚನೆ ಹುಟ್ಟಿತು. ನಮ್ಮ ಕೇರಿಯಲ್ಲಿ ಏನಾದರೂ ಕಳೆದುಹೋದರೆ ಯಾವ ಪತ್ತೇದಾರನೂ ಬರುವುದಿಲ್ಲ. ಊರೊಳಗೆ ಕಳೆದರೆ ಮಾತ್ರ ಪೊಲೀಸರು ಮೊದಲು ಕೇರಿಗೇ ಬರುತ್ತಾರೆ.

ಆಮೇಲೆ ಭೈರಪ್ಪನವರ 'ವಂಶವೃಕ್ಷ' (1965). ಚಾಮರಾಜನಗರದ ರೈಲು ದಾಟಿ ಬರುವ ಅದೇ ನಂಜನಗೂಡಿನ ಕಥೆ. ಶ್ರೋತ್ರಿಗಳು ತಮ್ಮ ಹುಟ್ಟಿನ ಗುಟ್ಟು ತಿಳಿದು ಕುಸಿದಾಗ ನಾವೂ ಕುಸಿದೆವು, ಸುಳ್ಳೇಕೆ ಹೇಳಬೇಕು. ಪುಸ್ತಕ ಮುಚ್ಚಿದ ಮೇಲೆ ಲೆಕ್ಕ ಹಾಕಿದೆವು. ನಮ್ಮ ತಾತನ ಅಪ್ಪನ ಹೆಸರೇ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ!

ಅದೇ 1965ರಲ್ಲಿ ಬಂದದ್ದು ಅನಂತಮೂರ್ತಿಯವರ 'ಸಂಸ್ಕಾರ'. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ. ಸುಡುವವರು ಯಾರು? ಶಾಸ್ತ್ರ ಹುಡುಕುತ್ತಾರೆ, ದೇವರನ್ನು ಕೇಳುತ್ತಾರೆ. ಇಡೀ ಪುಸ್ತಕ ಆ ಹೆಣದ ಸುತ್ತ ತಿರುಗುತ್ತದೆ. ಅದೇ ಪ್ಲೇಗಿಗೆ ಕೇರಿಯಲ್ಲೂ ಜನ ಸಾಯುತ್ತಾರೆ. ಹೆಣದ ಸಮೇತ ಗುಡಿಸಲಿಗೆ ಬೆಂಕಿ ಇಡುತ್ತಾರೆ. ಅದಕ್ಕೆ ಕೆಲವೇ ಸಾಲು. ನಾವು ಅಲ್ಲೇ ನಿಂತುಬಿಟ್ಟೆವು. ನಮ್ಮ ತಾತ ಸತ್ತಾಗ ಮಸಣದ ದಾರಿಗೆ ಬೇಲಿ ಬಿದ್ದಿತ್ತು. ಮಳೆಯಲ್ಲಿ ಹೆಣ ಹೊತ್ತು, ಹಳ್ಳ ಸುತ್ತಿಹೋಗಿ ಮಣ್ಣು ಮಾಡಿದೆವು. ನಮಗಾಗಿ ಯಾರೂ ಶಾಸ್ತ್ರ ತೆಗೆದು ನೋಡಲಿಲ್ಲ.

'ಸಂಸ್ಕಾರ' ಕೆಟ್ಟ ಪುಸ್ತಕ ಅಂತ ನಾವು ಹೇಳುತ್ತಿಲ್ಲ ಗೆಳೆಯರೇ. ಆ ಕೆಲವು ಸಾಲು ಬರೆದವರೂ ಅನಂತಮೂರ್ತಿಯವರೇ. ಬಚ್ಚಿಡಲಿಲ್ಲ. ಆದರೆ ನಮ್ಮ ಕಣ್ಣು ಆ ಸಾಲುಗಳಲ್ಲೇ ಉಳಿಯಿತು. ಕಾರಂತರ 'ಚೋಮನ ದುಡಿ' (1933) ಓದುವಾಗಲೂ ಹಾಗೇ ಆಯಿತು. ಉಳಲು ಅಂಗೈಯಗಲ ಭೂಮಿ ಬೇಕು ಅಂತ ಚೋಮ ಒದ್ದಾಡುತ್ತಾನೆ, ಸಿಗದೆ ದುಡಿ ಬಡಿಯುತ್ತಾ ಸಾಯುತ್ತಾನೆ. ಅತ್ತೆವು. ಅತ್ತು ಸಿಟ್ಟಾದೆವು. ನಮ್ಮವನು ಪುಸ್ತಕಕ್ಕೆ ಬರಬೇಕಾದರೆ ಸಾಯಲೇಬೇಕಾ?

ಆ ಸಿಟ್ಟಲ್ಲಿದ್ದಾಗ ದೇವನೂರ ಮಹಾದೇವರ 'ಒಡಲಾಳ' ಸಿಕ್ಕಿತು. ಇಲ್ಲಿ ಕಳೆದಿರುವುದು ಒಡವೆಯಲ್ಲ, ವಂಶವಲ್ಲ. ಸಾಕವ್ವನ ಒಂದು ಹುಂಜ. ಮುದುಕಿ ಅದಕ್ಕಾಗಿ ಕೇರಿಯನ್ನೇ ಜಾಲಾಡುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಕೂತು ಕದ್ದ ಕಡಲೆಕಾಯಿ ತಿನ್ನುತ್ತಾರೆ, ನಗುತ್ತಾರೆ. ಬೆಳಗಾದರೆ ಪೊಲೀಸರು. ಒಂದು ಹುಂಜವನ್ನೂ ಹೀಗೆ ಹುಡುಕಬಹುದು, ಅದೂ ಕಥೆಯೇ ಅಂತ ಅಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ.

ರಜೆಗೆ ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆವು. ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಹುಂಜದ ಮಾತು ಬಂದಾಗ ಅವಳ ಕೈ ನಿಂತಿತು.

"ತಡ್ಲಾ ಮೊಗ. ನನ್ ಉಂಜ ಕಳ್ದೋದದ್ನ ಇವ್ರಿಗ್ಯಾರ್ಲಾ ಏಳ್ದೋರು?"

"ಇದು ನಿನ್ ಉಂಜ ಅಲ್ಲ ಕನವ್ವ, ಸಾಕವ್ವ ಅಂತ ಬ್ಯಾರೆಯವ್ಳು."

"ಯಾರಾದ್ರೇನ್ಲಾ. ಉಂಜ ಉಂಜವೇಯಾ. ನಂದೂ ಒಸಿ ಬರ್ಕೊ, ಏಳ್ತೀನಿ."

ಅವರೆಕಾಯಿ ಪಕ್ಕಕ್ಕೆ ಸರಿಸಿ ಹೇಳತೊಡಗಿದಳು. ಕೆಂಪು ಹುಂಜವಂತೆ, ಹಬ್ಬಕ್ಕೆ ಅಂತ ಸಾಕಿದ್ದಂತೆ. ಇಷ್ಟು ವರ್ಷ ನಮಗೇ ಗೊತ್ತಿರಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದೇವೆ. ಇನ್ನೂ ಮುಗಿದಿಲ್ಲ.