ಬುಲೆಟ್ಟಿನ ಉಸಿರು

ಚೆನ್ನೈಯಲ್ಲಿ ನೆಲೆಸಿದ ನಮ್ಮಂಥವರು ಊರಿನಿಂದ ತರುವುದು ಹೆಚ್ಚಾಗಿ ಉಪ್ಪಿನಕಾಯಿಯ ಭರಣಿ, ಪುಸ್ತಕ, ದೇವರ ಪಟಗಳನ್ನು. ಸೋದರರಿಬ್ಬರಾದ ನಾವು ತಂದೆಯವರ ಜೊತೆಗೆ ಅವರ ಹಳೆಯ ಬುಲೆಟ್ಟನ್ನೂ ಚಿಕ್ಕಮಗಳೂರಿನಿಂದ ತಂದೆವು. ದಶಕಗಳಿಂದ ಮದರಾಸಿನಲ್ಲಿಯೇ ತಯಾರಾಗುತ್ತ ಬಂದ ಗಾಡಿಯದು. ಹೊರನಾಡಿಗೆ ಬಂದವರು ನಾವು. ಅದು ಮಾತ್ರ ತವರಿಗೆ ಮರಳಿತ್ತು.

ಕೆಲವೇ ತಿಂಗಳಲ್ಲಿ ಅದರ ಉಸಿರು ಸೋತಿತು. ಕಿಕ್ ಒತ್ತಿದರೆ ಕಾಲಿಗೆ ಎದುರೊತ್ತೇ ಸಿಗದು; ಬಿಸಿಯಾಗಿ ನಿಂತರೆ ಮತ್ತೆ ಹೊರಡದು. ಗುಜರಿಗೆ ಹಾಕುವುದೇ ಲೇಸೆಂದರು ಬಲ್ಲವರು. 78 ವರ್ಷದ ತಂದೆಯವರು ಏನನ್ನೂ ಹೇಳಲಿಲ್ಲ. ಊರು ಬಿಟ್ಟ ಮೇಲೆ ಅವರ ಮಾತೇ ಕಡಿಮೆಯಾಗಿತ್ತು. ಆ ಮೌನವೇ ನಮ್ಮ ಕೈಗೆ ಸ್ಪ್ಯಾನರ್ ಕೊಟ್ಟಿತು.

ರೋಗವೆಲ್ಲಿದೆಯೆಂದು ತಿಳಿಯದೆ ಎಂಜಿನ್ ಬಿಚ್ಚುವುದು ಸಲ್ಲದು. ಪುಶ್‌ರಾಡುಗಳು ಬಿಗಿಯಾಗಿಲ್ಲವೆಂದು ಮೊದಲು ಖಚಿತಪಡಿಸಿಕೊಂಡೆವು. ಬಳಿಕ ಪ್ಲಗ್ ತೆಗೆದು, ಆ ರಂಧ್ರದೊಳಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು, ಪ್ಲಗ್ ಕೂರಿಸಿ ಕಿಕ್ ಒತ್ತಿದೆವು. ಪಿಸ್ಟನ್ ರಿಂಗ್ ಸವೆದಿದ್ದರೆ ಎಣ್ಣೆ ಸಂದು ತುಂಬಿ ಒತ್ತಡ ಏರಬೇಕು. ಏರಲಿಲ್ಲ. ದೋಷವಿದ್ದುದು ಮೇಲೆ, ಹೆಡ್ಡಿನಲ್ಲಿ. ಒಬ್ಬರು ಕಿಕ್ಕನ್ನು ಮೆಲ್ಲನೆ ಒತ್ತಿದಾಗ ಇನ್ನೊಬ್ಬರಿಗೆ ಸೈಲೆನ್ಸರಿನ ಬಾಯಲ್ಲಿ ‘ಸುಯ್’ ಎಂಬ ಸದ್ದು ಕೇಳಿಸಿತು. ಎಗ್ಸಾಸ್ಟ್ ವಾಲ್ವ್ ಸರಿಯಾಗಿ ಮುಚ್ಚುತ್ತಿರಲಿಲ್ಲ.

ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ ಹೆಡ್ ಇಳಿಸಿದೆವು. ಎಗ್ಸಾಸ್ಟ್ ದಾರಿಗೆ ಸೀಮೆಎಣ್ಣೆ ಹೊಯ್ದೊಡನೆ ವಾಲ್ವಿನ ಅಂಚಿನಿಂದ ಜಿನುಗಿತು. ಅಂಚಿನ ತುಂಬ ಸಿಡುಬಿನ ಕಲೆಯಂಥ ಗುಳಿಗಳು. ಪುಣ್ಯಕ್ಕೆ ವಾಲ್ವಿನ ದಂಡು ಗೈಡಿನೊಳಗೆ ಅಲುಗಾಡುತ್ತಿರಲಿಲ್ಲ. ಗೈಡ್ ಬದಲಿಸಿ ಸೀಟು ಕತ್ತರಿಸುವುದು ಲೇತ್ ಅಂಗಡಿಯ ಕೆಲಸ, ಮನೆಯದಲ್ಲ.

ಮುಂದೆ ಬೇಕಾದದ್ದು ತಾಳ್ಮೆ. ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ಮೊದಲು ಒರಟಿನಲ್ಲಿ, ಆಮೇಲೆ ನಯದಲ್ಲಿ, ವಾಲ್ವನ್ನು ಸೀಟಿನ ಮೇಲೆ ಉಜ್ಜತೊಡಗಿದೆವು. ತಂದೆಯವರು ಕುರ್ಚಿ ಎಳೆದುಕೊಂಡು ಬಂದು ಕೂತರು.

“ಒಂದೇ ದಿಕ್ಕಿಗೆ ತಿರುಗಿಸಬೇಡ್ರೋ. ಮಜ್ಜಿಗೆ ಕಡೆದ ಹಾಗೆ, ಹಿಂದೆ ಮುಂದೆ. ಆಗಾಗ ಎತ್ತಿ ಕೂರಿಸಿ.”

ಬೂದು ಬಣ್ಣದ ಉಂಗುರ ಎಲ್ಲಿಯೂ ಕಡಿಯದೆ ಮೂಡಿದ ಮೇಲಷ್ಟೇ, ನಡುಗುವ ಬೆರಳನ್ನು ಅದರ ಸುತ್ತ ಆಡಿಸಿ, ಸಾಕೆಂದರು. ಪೇಸ್ಟಿನ ಕಣ ಉಳಿದರೂ ಸಿಲಿಂಡರನ್ನೇ ತಿಂದೀತೆಂದು ಮೂರು ಸಲ ತೊಳೆಸಿದರು.

ಹೊಸ ಗ್ಯಾಸ್ಕೆಟ್ಟಿಟ್ಟು ಹೆಡ್ ಬಿಗಿದೆವು. ಎಂಜಿನ್ ತಣ್ಣಗಿದ್ದು, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರುವಾಗ ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಆ ಕೊನೆಯ ಪರೀಕ್ಷೆಯನ್ನು ತಂದೆಯವರಿಗೇ ಬಿಟ್ಟೆವು.

ಮೂರನೆಯ ಕಿಕ್ಕಿಗೆ ಗಾಡಿ ಎದ್ದಿತು. ಅಂದು ರಾತ್ರಿ ಊಟಕ್ಕೆ ಕೂತಾಗ ತಂದೆಯವರು ಚಾರ್ಮಾಡಿ ಘಾಟಿಯ ಮಳೆಯಲ್ಲಿ ನಮ್ಮ ತಾಯಿಯನ್ನು ಹಿಂದೆ ಕೂರಿಸಿಕೊಂಡು ಇಳಿದ ಕತೆ ತೆಗೆದರು. ತಟ್ಟೆಗಳು ಒಣಗಿದರೂ ನಾವಾರೂ ಏಳಲಿಲ್ಲ.