ಅಮ್ಮನಿಗೆ ತಂದ ನಡುಗುವ ಮಣೆ

ಭಾನುವಾರ ಬೆಳಗ್ಗೆ ಒಂದು ಫೋನ್ ಬಂತು. ಹಳೇ ಸಾಮಾನು ಮಾರುವ ಆ್ಯಪ್‌ನಲ್ಲಿ ನಾನು ಹಾಕಿದ್ದ ವೈಬ್ರೇಷನ್ ಪ್ಲೇಟ್ ನೋಡಿ ಯಾರೋ ಹುಡುಗ ಕರೆ ಮಾಡಿದ್ದ. ಬೆಲೆ ಚೌಕಾಸಿ ಮಾಡ್ತಾನೆ ಅಂದುಕೊಂಡೆ. "ಮೇಡಂ, ನಮ್ಮಮ್ಮಂಗೆ ತಗೋಬೇಕು ಅಂತಿದೀನಿ. ನಿಜವಾಗ್ಲೂ ಉಪಯೋಗ ಆಗತ್ತಾ?" ಅಂತ ಕೇಳಿದ.

"ಹೂಂ, ಚೆನ್ನಾಗಿದೆ" ಅಂದುಬಿಟ್ಟಿದ್ದರೆ ಏಳು ಸಾವಿರ ಕೈಗೆ ಬರುತ್ತಿತ್ತು. ಮಾತು ನಾಲಿಗೆ ತುದಿಗೆ ಬಂದೂ ಇತ್ತು.

ಎರಡು ವರ್ಷದ ಹಿಂದೆ ಅದನ್ನು 11,500 ರೂಪಾಯಿಗೆ, ಆರು ತಿಂಗಳ ಇಎಂಐನಲ್ಲಿ ತಗೊಂಡಿದ್ದೆ. ರಾತ್ರಿ ಹನ್ನೊಂದರ ಮೇಲೆ ರೀಲ್ಸ್ ನೋಡುತ್ತಾ ಮಲಗಿದ್ದಾಗ "ಹತ್ತು ನಿಮಿಷ ನಿಂತರೆ ಒಂದು ಗಂಟೆ ಜಿಮ್‌ಗೆ ಸಮ" ಅಂತ ಬಂತು. ನನ್ನ ಹೊಟ್ಟೆ ಕರಗಲಿ ಅನ್ನುವುದೇ ನಿಜವಾದ ಕಾರಣ. ಆದರೆ ಮನೆಯಲ್ಲಿ ಹೇಳಿದ್ದು ಅಮ್ಮನ ಹೆಸರು. ಆಗಷ್ಟೇ ಅವಳ ಡೆಕ್ಸಾ ಸ್ಕ್ಯಾನ್ ಆಗಿತ್ತು, ಬೆನ್ನುಮೂಳೆಯ ಟಿ ಸ್ಕೋರ್ ಮೈನಸ್ 2.1 ಬಂದಿತ್ತು. ಮೂಳೆ ಟೊಳ್ಳಾಗುವುದಕ್ಕೆ ಹಿಂದಿನ ಹಂತ. ಡಬ್ಬದ ಮೇಲೆ 'ಮೂಳೆ ಗಟ್ಟಿಯಾಗುತ್ತದೆ' ಅಂತ ಬರೆದಿತ್ತು. ನನಗೆ ಅಷ್ಟು ಸಾಕಾಯಿತು.

ಅಮ್ಮ ಮೊದಲ ದಿನ ಹತ್ತಿ ನಿಂತು, "ಇದೇನೇ, ಹಿಟ್ಟಿನ ಮಿಲ್ಲಲ್ಲಿ ನಿಂತಂಗಾಗ್ತದೆ!" ಅಂತ ನಕ್ಕಳು. ಹಲ್ಲು ಕಟಕಟ ಅನ್ನುತ್ತಿತ್ತು. ಆದರೂ ನಾನು ದುಡ್ಡು ಕೊಟ್ಟು ತಂದಿದ್ದಲ್ಲವಾ, ದಿನಾ ಹದಿನೈದು ನಿಮಿಷ ಸೀರಿಯಲ್ ನೋಡುತ್ತಾ ನಿಲ್ಲತೊಡಗಿದಳು. ನಾನು ಮಾಡಿದ ದೊಡ್ಡ ತಪ್ಪು ಅಂದರೆ, "ಚಳಿಯಲ್ಲಿ ಪಾರ್ಕಿಗೆ ಯಾಕೆ ಹೋಗ್ತೀಯಾ, ಇದೇ ಸಾಕು" ಅಂದಿದ್ದು. ನಾಲ್ಕು ಜನ ಗೆಳತಿಯರ ಜೊತೆ ಎಲ್ಲರ ಮನೆ ಸೊಸೆಯಂದಿರ ವಿಚಾರ ಮಾತಾಡುತ್ತಾ ಐದಾರು ಸುತ್ತು ಹಾಕುತ್ತಿದ್ದವಳು ಮನೆಯಲ್ಲೇ ಉಳಿದಳು.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಪ್ಲೇಟಿನಿಂದ ಇಳಿಯುವಾಗ ಪಾದ ಜೋಮು ಹಿಡಿದು, ತಲೆ ಸುತ್ತಿ, ಡೈನಿಂಗ್ ಕುರ್ಚಿ ಸಮೇತ ಸೋಫಾ ಮೇಲೆ ಬಿದ್ದಳು. ಏನೂ ಮುರಿಯಲಿಲ್ಲ. ಸೋಫಾ ಒಂದಡಿ ಆಚೆ ಇದ್ದಿದ್ದರೆ ನೆಲಕ್ಕೇ ಬೀಳುತ್ತಿದ್ದಳು. ಮೂಳೆ ಗಟ್ಟಿಯಾಗಲಿ ಅಂತ ತಂದ ವಸ್ತುವಿನಿಂದಲೇ ಸೊಂಟದ ಮೂಳೆ ಹೋಗುತ್ತಿತ್ತಲ್ಲಾ ಅನ್ನಿಸಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫಿಸಿಯೋಥೆರಪಿಸ್ಟ್ ಹತ್ತಿರ ಕರಕೊಂಡು ಹೋದೆ. ಆಕೆ ಮಷೀನಿನ ವಿಷಯ ಪೂರ್ತಿ ಕೇಳಿಸಿಕೊಂಡು, "ಅಮ್ಮಾ, ಕೈ ಊರದೆ ಕುರ್ಚಿಯಿಂದ ಎದ್ದು ಕೂತ್ಕೊಳಿ ನೋಡೋಣ" ಅಂದರು. ಮೂರನೇ ಸಲಕ್ಕೆ ಅಮ್ಮನ ತೊಡೆ ನಡುಗಿ ಕೂತುಬಿಟ್ಟಳು. ನಾಲ್ಕು ತಿಂಗಳು ದಿನಾ ಹದಿನೈದು ನಿಮಿಷ ನಿಂತ ಕಾಲುಗಳವು! "ಮಷೀನ್ ಎಷ್ಟು ಹರ್ಟ್ಸ್‌ನಲ್ಲಿ ಅದುರುತ್ತೆ?" ಅಂತ ನನ್ನನ್ನು ಕೇಳಿದರು. ಗೊತ್ತಿರಲಿಲ್ಲ. ನಮ್ಮ ಮಷೀನು ತೋರಿಸುವುದು 1ರಿಂದ 99ರವರೆಗೆ 'ಲೆವೆಲ್' ಮಾತ್ರ.

ಆಮೇಲೆ ಕೂತು ಓದಿದೆ. ತಗೊಳ್ಳುವ ಮೊದಲು ಓದಬೇಕಿತ್ತು, ಇರಲಿ. ತತ್ವವೇನೋ ಸುಳ್ಳಲ್ಲ: ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಲ ಪಾದದ ಕೆಳಗಿನ ಹಲಗೆ ಅದುರಿದರೆ ಕಾಲಿನ ಸ್ನಾಯುಗಳು ತಾವಾಗಿಯೇ ಬಿಗಿದು ಸಡಿಲವಾಗುತ್ತವೆ. ಹೊಸದೂ ಅಲ್ಲ. ಕಾರ್ನ್‌ಫ್ಲೇಕ್ಸ್ ಡಬ್ಬದ ಮೇಲಿರುವ ಹೆಸರಿನ ಮನೆತನದ ಡಾ. ಜಾನ್ ಹಾರ್ವೆ ಕೆಲಾಗ್ ನೂರು ವರ್ಷಕ್ಕೂ ಹಿಂದೆಯೇ ಅಮೆರಿಕದ ಬ್ಯಾಟಲ್ ಕ್ರೀಕ್‌ನ ತನ್ನ ಆರೋಗ್ಯಧಾಮದಲ್ಲಿ ಅದುರುವ ಕುರ್ಚಿ, ಹಲಗೆಗಳ ಮೇಲೆ ರೋಗಿಗಳನ್ನು ಕೂರಿಸಿ ನಿಲ್ಲಿಸುತ್ತಿದ್ದ. ವ್ಯಾಯಾಮವನ್ನೇ ಮಾಡಲಾಗದ ವಯಸ್ಸಾದವರಿಗೆ, ಜೊತೆಗೆ ಯಾರಾದರೂ ನಿಂತು ಮಾಡಿಸಿದರೆ, ಕಾಲಿನ ಬಲ ಮತ್ತು ಸಮತೋಲನ ಸ್ವಲ್ಪ ಸುಧಾರಿಸಿದ್ದನ್ನು ಕೆಲವು ಅಧ್ಯಯನಗಳು ತೋರಿಸಿವೆ. ಅದನ್ನು ಅಲ್ಲಗಳೆಯಲ್ಲ.

ಆದರೆ ಮೂಳೆ? ಕೆನಡಾದ ಟೊರಾಂಟೊದಲ್ಲಿ ಮುಟ್ಟು ನಿಂತ 202 ಮಹಿಳೆಯರ ಮೇಲೆ ಒಂದು ವರ್ಷ ಪರೀಕ್ಷೆ ಮಾಡಿದ್ದಾರೆ. ಕೆಲವರಿಗೆ ದಿನಾ ಇಪ್ಪತ್ತು ನಿಮಿಷ ಪ್ಲೇಟ್, ಉಳಿದವರಿಗೆ ಇಲ್ಲ. ಎಲ್ಲರಿಗೂ ಕ್ಯಾಲ್ಸಿಯಂ, ವಿಟಮಿನ್ ಡಿ. 2011ರಲ್ಲಿ ಫಲಿತಾಂಶ ಬಂತು: ಪ್ಲೇಟ್ ಮೇಲೆ ನಿಂತವರ ಮೂಳೆ ಸಾಂದ್ರತೆ ನಿಲ್ಲದವರದ್ದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಅವರು ಬಳಸಿದ್ದು ಅಳತೆ ಗೊತ್ತಿದ್ದ ಮಷೀನು, ನಮ್ಮ ಮನೆಯದು ಲೆವೆಲ್ 99!

ಇನ್ನು ನನ್ನ ಹೊಟ್ಟೆಯ ಕಥೆ ಬೇಗ ಹೇಳಿ ಮುಗಿಸಬಹುದು. ಅದು ಎಲ್ಲಿತ್ತೋ ಅಲ್ಲೇ ಇದೆ. ಸುಮ್ಮನೆ ನಿಂತರೆ ಖರ್ಚಾಗುವ ಕ್ಯಾಲೊರಿ ವಾಕಿಂಗ್‌ಗಿಂತ ಹೆಚ್ಚೇನಿಲ್ಲ.

ಅದುರುವಿಕೆ ಒಳ್ಳೆಯದೇ ಆಗಿದ್ದರೆ ನಮ್ಮ ದೊಡ್ಡ ಮಾವನ ಬೆನ್ನು ಕಬ್ಬಿಣ ಆಗಬೇಕಿತ್ತು. 28 ವರ್ಷ ಬಸ್ ಓಡಿಸಿದವರು. ಈಗ ಚಾಪೆಯಿಂದ ಏಳುವಾಗ ಗೋಡೆ ಹಿಡಿಯುತ್ತಾರೆ. ವರ್ಷಗಟ್ಟಲೆ ಸೀಟಿನಿಂದ ಬರುವ ಅದುರುವಿಕೆಗೂ ಭಾರೀ ವಾಹನ ಓಡಿಸುವವರ ಸೊಂಟನೋವಿಗೂ ನಂಟಿದೆ ಅನ್ನುವುದು ವೈದ್ಯರಿಗೆ ಹಳೇ ವಿಚಾರ. ಹತ್ತು ಹದಿನೈದು ನಿಮಿಷಕ್ಕೆ ಹಾಗಾಗುತ್ತದೆ ಅಂತಲ್ಲ. ಆದರೆ ಪೇಸ್‌ಮೇಕರ್ ಇದ್ದವರು, ಬಸುರಿಯರು, ರೆಟಿನಾ ತೊಂದರೆ ಇದ್ದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ಹತ್ತಬಾರದು ಅಂತ ಕೈಪಿಡಿಯಲ್ಲೇ ಸಣ್ಣಕ್ಷರದಲ್ಲಿತ್ತು. ನಾನು ಓದಿದ್ದು ಮಾರುವಾಗ, ಫೋಟೊ ತೆಗೆಯೋಣ ಅಂತ ಡಬ್ಬ ಬಿಚ್ಚಿದಾಗ.

ಅಮ್ಮ ಈಗ ಮತ್ತೆ ಪಾರ್ಕಿಗೆ ಹೋಗುತ್ತಾಳೆ. ಸಂಜೆ ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುತ್ತಾಳೆ, ನೀರು ತುಂಬಿದ ಬಾಟಲಿ ಎತ್ತುತ್ತಾಳೆ, ಕುರ್ಚಿಯಿಂದ ಕೈ ಊರದೆ ಹನ್ನೆರಡು ಸಲ ಏಳುತ್ತಾಳೆ. ಡಾಕ್ಟರು ಬರೆದ ಮಾತ್ರೆಯೂ ನಡೆಯುತ್ತಿದೆ. ಮುಂದಿನ ಸ್ಕ್ಯಾನ್ ಇನ್ನೂ ಆಗಬೇಕು.

ಇದೆಲ್ಲವನ್ನೂ ಫೋನಿನಲ್ಲಿ ಆ ಹುಡುಗನಿಗೆ ಹೇಳಿದೆ. ನಿಮ್ಮಮ್ಮಂಗೆ ನಡೆಯೋಕಾದರೆ ದಯವಿಟ್ಟು ನಡೆಸಿ, ಆಗದಿದ್ದರೆ ಮೊದಲು ಫಿಸಿಯೋಗೆ ತೋರಿಸಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಥ್ಯಾಂಕ್ಸ್ ಮೇಡಂ," ಅಂದ. ಆಮೇಲೆ, "ಐದು ಸಾವಿರಕ್ಕಾದರೆ ಕೊಡ್ತೀರಾ? ನಂಗೆ ಹೊಟ್ಟೆ ಸ್ವಲ್ಪ ಬಂದಿದೆ."