ಲೆಕ್ಕ ಮನೆ ಬಿಟ್ಟು ಹೋಗದ ಹಾಗೆ

ಸೋದರಿಯರೇ, ನಿಮ್ಮೂರಿನ ಮಹಿಳಾ ಸಂಘದ ಲೆಕ್ಕದ ಪುಸ್ತಕ ಯಾರ ಬೀರುವಿನಲ್ಲಿದೆ? ಮದ್ದೂರಿನ ನಮ್ಮ ಸಂಘದ್ದು ನನ್ನ ಬಳಿ ಇದೆ. ಯಾರು ಎಷ್ಟು ಉಳಿಸಿದರು, ಯಾರು ಸಾಲ ಎತ್ತಿದರು ಎಂಬುದು ಎಷ್ಟೋ ಗಂಡಂದಿರಿಗೂ ಗೊತ್ತಿಲ್ಲ. ಇದನ್ನು ಫೋನಿಗೆ ಹಾಕೋಣವೆಂದಾಗ ನಮ್ಮವರು ಕೇಳಿದ್ದು ಒಂದೇ ಮಾತು: "ಅಕ್ಕಾ, ನಮ್ ಲೆಕ್ಕ ಯಾವೂರ್ ಕಂಪ್ಯೂಟರ್‌ಗೆ ಓಯ್ತದೆ?" ನ್ಯಾಯವಾದ ಪ್ರಶ್ನೆಯೇ. ಬ್ರೌಸರ್‌ನಲ್ಲಿ ನಾವು ತುಂಬಿದ್ದು ಸಾಮಾನ್ಯವಾಗಿ ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ ಅಲ್ಲಿಯೇ ಉಳಿಯುತ್ತದೆ.

ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿದ ನನ್ನ ಸೊಸೆ, "ಅತ್ತೆ, ಲೆಕ್ಕ ಹೊರಗೆ ಹೋಗೋದು ಬೇಡ. ಲೆಕ್ಕ ಇಡೋ ತಂತ್ರಾಂಶಾನೇ ಫೋನಿನೊಳಕ್ಕೆ ತರೋಣ ಬಿಡಿ" ಎಂದಳು. ಅವಳು ಆರಿಸಿದ್ದು ಎಸ್‌ಕ್ಯೂಲೈಟ್. ಅಮೆರಿಕದ ರಿಚರ್ಡ್ ಹಿಪ್ 2000ದಲ್ಲಿ ಸಿ ಭಾಷೆಯಲ್ಲಿ ಬರೆದದ್ದು. ಯಾರೂ ದುಡ್ಡು ಕೊಡದೆ ಬಳಸಬಹುದು. ಆದರೆ ಬ್ರೌಸರ್‌ಗೆ ಸಿ ಭಾಷೆ ತಿಳಿಯಬೇಕಲ್ಲ!

ನಮ್ಮ ಕಡೆಯವರಿಗೆ ಆಲೆಮನೆ ಹೊಸದೇನಲ್ಲ. ಕಬ್ಬಿನ ಹಾಲನ್ನು ಹಾಗೆಯೇ ದೂರ ಸಾಗಿಸಲಾಗದು. ಕಾಯಿಸಿ ಅಚ್ಚಿಗೆ ಹೊಯ್ದರೆ ಆ ಬೆಲ್ಲ ಯಾವ ಊರಿನ ಅಡುಗೆಮನೆಗಾದರೂ ಹೋಗುತ್ತದೆ. ಸಿ ಬರಹವನ್ನು ಹಾಗೆ ಅಚ್ಚಿಗಿಳಿಸುವುದಕ್ಕೆ ಕಂಪೈಲ್ ಎನ್ನುತ್ತಾರೆ. ಅಚ್ಚಿನ ಹೆಸರು ವೆಬ್‌ಅಸೆಂಬ್ಲಿ, ಇಳಿಸುವ ಸಲಕರಣೆ ಎಮ್‌ಸ್ಕ್ರಿಪ್ಟನ್. 2017ರೊಳಗೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ನಾಲ್ಕೂ ಈ ಅಚ್ಚನ್ನು ಒಪ್ಪಿಕೊಂಡವು. 2022ರಿಂದ ಎಸ್‌ಕ್ಯೂಲೈಟ್‌ನವರೇ ಸಿದ್ಧ ಅಚ್ಚು ಕೊಡುತ್ತಿದ್ದಾರೆ. ಆದರೂ ಸೊಸೆ ಒಮ್ಮೆ ತಾನೇ ಇಳಿಸಿ ನೋಡಿದಳು. (ಅಂಗಡಿಯಲ್ಲಿ ಸಾರಿನ ಪುಡಿ ಸಿಕ್ಕರೂ ಮನೆಯಲ್ಲಿ ಹುರಿಯುವವರು ನಾವಿಲ್ಲವೇ?)

ಇದು ಬ್ರೌಸರಿನ ಬೇಲಿಯೊಳಗೇ ಓಡುತ್ತದೆ, ಫೋನಿನ ಬೇರೆ ಫೈಲುಗಳನ್ನು ತಾನಾಗಿ ಮುಟ್ಟಲಾರದು. ಹಾಗೆಂದು ಗುಟ್ಟು ತನ್ನಷ್ಟಕ್ಕೆ ಉಳಿಯುವುದಿಲ್ಲ. ಪುಟ ಬರೆದವರು ಮನಸ್ಸು ಮಾಡಿದರೆ ಲೆಕ್ಕವನ್ನು ಹೊರಗೆ ಕಳಿಸಬಹುದು. ನಮ್ಮ ಪುಟದಲ್ಲಿ ಕಳಿಸುವ ಆ ಸಾಲನ್ನೇ ಸೊಸೆ ಬರೆದಿಲ್ಲ.

ಇನ್ನೊಂದು ತೊಡಕು. ಸುಮ್ಮನೆ ಬಿಟ್ಟರೆ ಪುಟ ಮುಚ್ಚಿದೊಡನೆ ಲೆಕ್ಕವೆಲ್ಲ ಮಾಯ! ಬ್ರೌಸರ್ ತನ್ನೊಳಗೆ ಕೊಡುವ ಖಾಸಗಿ ಉಗ್ರಾಣದಲ್ಲಿ ಅದನ್ನು ಬರೆಸಿಡಬೇಕು. ಆ ಉಗ್ರಾಣವೂ ಯಾರಾದರೂ "ಡೇಟಾ ಕ್ಲಿಯರ್" ಒತ್ತಿದರೆ ಖಾಲಿ. ಮೊಮ್ಮಕ್ಕಳು ಫೋನು ಹಿಡಿಯುವ ಮನೆಯಲ್ಲಿ ಇದು ಸಣ್ಣ ಮಾತೇ?

ಮಳವಳ್ಳಿ ಕಡೆಯ ಹಳ್ಳಿಯಲ್ಲಿರುವ ನನ್ನ ತಂಗಿಯೂ ತನ್ನ ಸಂಘಕ್ಕೆ ಇದನ್ನೇ ಹಾಕಿಸಿಕೊಂಡಿದ್ದಾಳೆ. ಪುಟವನ್ನು ಫೋನಿನಲ್ಲೇ ಉಳಿಸಿರುವುದರಿಂದ ನೆಟ್‌ವರ್ಕ್ ಹೋದರೂ ಬಡ್ಡಿ ಕೂಡಿಸುತ್ತಾಳೆ. ಪ್ರತಿ ಸಭೆ ಮುಗಿದ ಮೇಲೆ ಇಬ್ಬರೂ ಲೆಕ್ಕದ ಫೈಲಿನ ನಕಲನ್ನು ಪೆನ್‌ಡ್ರೈವ್‌ಗೆ ಇಳಿಸಿ, ಬೇರೊಬ್ಬ ಸದಸ್ಯೆಯ ಮನೆಯಲ್ಲಿಡುತ್ತೇವೆ. ಹಳೆಯ ಪುಸ್ತಕದಲ್ಲೂ ಬರೆಯುತ್ತೇವೆ, ರುಜು ಹಾಕಿಸಬೇಕಲ್ಲ.